ಕಿವಿಗೆ ಐದನೇ ಕ್ಲಾಸು, ಕಣ್ಣಿಗೆ ಒಂದನೇ ಕ್ಲಾಸು: ಲಗ್ಗೆರೆಯ ಒಬ್ಬ ಹುಡುಗನ ಪ್ರಕರಣ

ಹುಡುಗನಿಗೆ ಒಂಬತ್ತೂವರೆ ವರ್ಷ. ಲಗ್ಗೆರೆಯಲ್ಲಿ ಮನೆ, ಮನೆ ಹತ್ತಿರದ್ದೇ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ತಂದೆ ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವ ಕಾರ್ಖಾನೆಯಲ್ಲಿದ್ದಾರೆ, ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಊರು ಕುಣಿಗಲ್ ಕಡೆ. ಮನೆಯಲ್ಲಿ ಅಜ್ಜಿ, ಎರಡು ವರ್ಷ ಚಿಕ್ಕವಳಾದ ಒಬ್ಬ ತಂಗಿ. ತಂಗಿ ಸರಾಗವಾಗಿ ಓದುತ್ತಾಳೆ. ಈ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಕರೆಯುವಂತೆ ಇಲ್ಲೂ ಅವನನ್ನು ಪುಟ್ಟ ಎಂದೇ ಕರೆಯುತ್ತೇನೆ.

ಓದಲು ಕಷ್ಟಪಡುವ ಮಕ್ಕಳಿಗೆ ಸಂಜೆ ಹೊತ್ತು ಪಾಠ ಮಾಡುವುದು ನನ್ನ ಕೆಲಸ. ತಾಯಿ ಅವನನ್ನು ಕರೆದುಕೊಂಡು ಬಂದದ್ದು ಜೂನ್ ಕೊನೆಯಲ್ಲಿ, ಶಾಲೆ ಶುರುವಾಗಿ ತಿಂಗಳಾಗುವ ಹೊತ್ತಿಗೆ.

"ಓದಕ್ಕೆ ಕೂತ್ಕೋ ಅಂದ್ರೆ ಹೊಟ್ಟೆನೋವು ಅಂತಾನೆ ಮೇಡಂ. ನಾಟಕ ಅಂದ್ಕೊಂಡಿದ್ವಿ, ಆದ್ರೆ ನಿಜವಾಗ್ಲೂ ವಾಂತಿ ಮಾಡ್ಕೊತಾನೆ. ಮಿಕ್ಕಿದ್ದೆಲ್ಲ ಚುರುಕು. ಅಂಗಡೀಲಿ ಚಿಲ್ಲರೆ ಲೆಕ್ಕ ನನಗಿಂತ ಮುಂಚೆ ಹೇಳ್ಬಿಡ್ತಾನೆ."

ಶಾಲೆಯ ಡೈರಿ ತಿರುವಿದೆ. ವರ್ಷ ಬದಲಾದರೂ ಮಾತು ಬದಲಾಗಿರಲಿಲ್ಲ: ಗಮನ ಕೊಡುವುದಿಲ್ಲ, ಮನೆಯಲ್ಲಿ ಓದಿಸಿ. ಟ್ಯೂಷನ್ ಎರಡು ಕಡೆ ಆಗಿತ್ತು. ಒಂದರಲ್ಲಿ ಏಟು ಬಿತ್ತೆಂದು ಬಿಡಿಸಿದ್ದರು, ಇನ್ನೊಂದು ನಡೆಯುತ್ತಿತ್ತು. ಅಜ್ಜಿ ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. "ಇವರಪ್ಪನೂ ಹಿಂಗೇ ಇದ್ದ. ದನ ಕಾಯಕ್ಕೆ ಕಳಿಸ್ತೀನಿ ಅಂತ ಹೆದರಿಸಿದ್ರೆ ಮಾತ್ರ ಪುಸ್ತಕ ಹಿಡೀತಿದ್ದ." ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ಓದಿನ ತೊಡಕು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ಹಾಗಾಗಿ ಅಜ್ಜಿಯ ಈ ಒಂದು ಮಾತು ನನಗೆ ಡೈರಿಯ ಅಷ್ಟೂ ಪುಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮನೆಯವರ ಬೇಡಿಕೆ ಒಂದೇ: "ಓದಿನಲ್ಲಿ ಆಸಕ್ತಿ ಬರೋ ಹಂಗೆ ಮಾಡಿ." ಆಸಕ್ತಿಯಿಲ್ಲ ಅನ್ನುವ ಮಾತನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. ದಿನಕ್ಕೆ ಐದಾರು ಗಂಟೆ, ವಾರಕ್ಕೆ ಆರು ದಿನ ತನಗೆ ಬಾರದ ಕೆಲಸವನ್ನೇ ನಲವತ್ತು ಜನರೆದುರು ಮಾಡಬೇಕಾದರೆ ದೊಡ್ಡವರು ಕೆಲಸ ಬಿಟ್ಟು ಹೋಗುತ್ತಾರೆ. ಮಗುವಿಗೆ ಬಿಟ್ಟು ಹೋಗುವ ದಾರಿಯಿಲ್ಲ, ಹೊಟ್ಟೆನೋವು ಬರುತ್ತದೆ.

ಏನು ಬರುತ್ತದೆ, ಏನು ಬರುವುದಿಲ್ಲ

ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬರಲು ಹೇಳಿದೆ. ಎರಡೂ ಸರಿಯಿದ್ದವು. ಇದನ್ನು ಬಿಟ್ಟು ಮುಂದೆ ಹೋಗಬಾರದು. ಕನ್ನಡಕ ಹಾಕಿದ ಮೇಲೆ ಅರ್ಧ ತೊಂದರೆ ಹೋದ ಮಕ್ಕಳನ್ನೂ ನೋಡಿದ್ದೇನೆ.

ಆಮೇಲೆ ಅಕ್ಷರ. ವರ್ಣಮಾಲೆಯನ್ನು ರಾಗವಾಗಿ ಹೇಳು ಅಂದರೆ ಅ ಇಂದ ಳ ವರೆಗೆ ತಡವರಿಸದೆ ಹೇಳಿದ. ಅವೇ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕಲಸಿ ಇಟ್ಟರೆ ಘ, ಛ, ಠ, ಢ, ಥ, ಧ ಎಲ್ಲ ಒಂದೇ ರಾಶಿಗೆ ಬಿದ್ದವು. ಕಾಗುಣಿತದಲ್ಲಿ ಎ-ಏ, ಒ-ಓ, ಐ-ಔ ಅದಲುಬದಲು. ಒತ್ತಕ್ಷರ ಬಂದರೆ ಅದನ್ನು ನೋಡಲೇ ಇಲ್ಲವೆಂಬಂತೆ ಹಾರಿಸಿ ಮುಂದಿನ ಅಕ್ಷರಕ್ಕೆ ಹೋಗುತ್ತಿದ್ದ. ಇಂಗ್ಲಿಷಿನಲ್ಲಿ ಅಕ್ಷರಗಳ ಹೆಸರು ಗೊತ್ತು, ಅವು ಮಾಡುವ ಸದ್ದು ಗೊತ್ತಿಲ್ಲ. ಆದರೂ ಇಂಗ್ಲಿಷ್ ಪಾಠದ ಮೊದಲ ಪ್ಯಾರಾ 'ಓದಿ' ತೋರಿಸಿದ. ಬೆರಳು ಒಂದು ಸಾಲಿನಲ್ಲಿತ್ತು, ಬಾಯಿ ಇನ್ನೊಂದು ಸಾಲಿನಲ್ಲಿತ್ತು. ತಂಗಿ ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದ.

ಓದಿನ ತೊಡಕು ಅಂದರೆ ಅಕ್ಷರ ಉಲ್ಟಾ ಬರೆಯುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪುಟ್ಟ ಒಂದು ಅಕ್ಷರವನ್ನೂ ಉಲ್ಟಾ ಬರೆಯುತ್ತಿರಲಿಲ್ಲ. ಕನ್ನಡದಲ್ಲಿ ಈ ತೊಡಕು ಹೆಚ್ಚಾಗಿ ಓದಿನ ನಿಧಾನದಲ್ಲಿ, ಗುಣಿತ ಮತ್ತು ಒತ್ತಿನ ತಪ್ಪುಗಳಲ್ಲಿ ಕಾಣುತ್ತದೆ. ಅದಕ್ಕೇ ಶಿಕ್ಷಕರ ಕಣ್ಣಿಗೆ ಅದು ಸೋಮಾರಿತನದಂತೆ ಕಾಣುವುದು.

ಕೊನೆಗೆ ಪುಸ್ತಕ ಅವನಿಂದ ತೆಗೆದುಕೊಂಡು ನಾನೇ ಓದಿದೆ. ಐದನೇ ಕ್ಲಾಸಿನ ಮಕ್ಕಳಿಗೆ ಸರಿಹೊಂದುವ ಒಂದು ಬರಹ, ಜೇನುಹುಳು ಹೂವಿರುವ ದಿಕ್ಕನ್ನು ಕುಣಿದು ತೋರಿಸುವ ಬಗ್ಗೆ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಮುಗಿಯಿತು ಅಂದುಕೊಂಡರೆ ಅವನದೇ ಒಂದು ಪ್ರಶ್ನೆ ಬಂತು. "ಮಿಸ್, ಗೂಡೊಳಗೆ ಕತ್ಲೆ ಇರುತ್ತಲ್ಲ? ಕುಣಿದ್ರೆ ಬೇರೆ ಹುಳಕ್ಕೆ ಹೆಂಗೆ ಕಾಣ್ಸುತ್ತೆ?"

ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಂತು. ಕತ್ತಲ ಗೂಡಿನಲ್ಲಿ ಉಳಿದ ಹುಳುಗಳು ಆ ಕುಣಿತವನ್ನು ಹೇಗೆ ಗ್ರಹಿಸುತ್ತವೆ ಎಂಬುದು ಅವರ ನಂತರವೂ ವಿಜ್ಞಾನಿಗಳು ಬೆನ್ನು ಹತ್ತಿದ ಪ್ರಶ್ನೆ. ಕುಣಿಯುವ ಹುಳುವಿಗೆ ಒತ್ತಾಗಿ ನಿಂತು ಮೀಸೆ ತಾಗಿಸಿ, ಅದರುವಿಕೆಯಿಂದ ತಿಳಿಯುತ್ತವೆ ಎಂದೆ. "ಓ, ಮುಟ್ಟಿ ಓದ್ತವೆ" ಅಂದ. ಡೈರಿಯಲ್ಲಿ 'ಗಮನ ಕೊಡುವುದಿಲ್ಲ' ಎಂದು ಬರೆಸಿಕೊಂಡು ಬಂದ ಹುಡುಗ ಇವನೇ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಕೇಳಿ ತಿಳಿಯುವ ಶಕ್ತಿಯಿಂದ ಗುಣಿಸಿದಷ್ಟು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆಗೆ ಹತ್ತಿರವಾದರೆ ಇನ್ನೊಂದು ಕಡೆ ಎಷ್ಟಿದ್ದರೂ ಪರೀಕ್ಷೆಯಲ್ಲಿ ಬರುವುದು ಸೊನ್ನೆಯೇ. ಅಪ್ಪ ಅಮ್ಮನಿಗೆ ಇದನ್ನು ಹೇಳುವಾಗ ಬೆರಳು ಮಡಿಸಿ ಹೇಳಿದೆ: ನಿಮ್ಮ ಮಗ ಕಿವಿಯಲ್ಲಿ ಐದನೇ ಕ್ಲಾಸು, ಕಣ್ಣಲ್ಲಿ ಒಂದನೇ ಕ್ಲಾಸು. ಅಕ್ಷರ ಬರಲಿಲ್ಲವೆಂದು ಎಲ್ಲರೂ ಸೇರಿ ಅವನ ಕಿವಿಗೂ ಒಂದನೇ ಕ್ಲಾಸಿನದ್ದನ್ನೇ ಹಾಕುತ್ತಿದ್ದೀರಿ. ಇದು ಹೀಗೇ ನಡೆದರೆ ಕಿವಿಯೂ ಹಿಂದೆ ಬೀಳುತ್ತದೆ. ಓದುವ ಮಕ್ಕಳು ಓದಿನಿಂದಲೇ ಪದ ಮತ್ತು ತಿಳಿವಳಿಕೆ ಗಳಿಸಿ ಮುಂದೆ ಹೋಗುತ್ತಾರೆ, ಓದದವರು ಅದೂ ಇಲ್ಲದೆ ಇನ್ನಷ್ಟು ಹಿಂದುಳಿಯುತ್ತಾರೆ ಎಂದು ಕೀತ್ ಸ್ಟನೋವಿಚ್ ಬರೆದದ್ದೂ 1986ರಲ್ಲೇ.

ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕಳಿಸಿದೆ. ಅಲ್ಲಿ ಮಕ್ಕಳ ವಿಭಾಗದಲ್ಲಿ ಬುದ್ಧಿಮತ್ತೆ ಪರೀಕ್ಷೆಯ ಜೊತೆಗೆ ಕಲಿಕಾ ನ್ಯೂನತೆಗೆಂದೇ ಅಲ್ಲಿನವರು ರೂಪಿಸಿದ ಪರೀಕ್ಷೆಗಳ ಗುಚ್ಛವಿದೆ; 5ರಿಂದ 7 ವರ್ಷದವರಿಗೆ ಒಂದು, 8ರಿಂದ 12ರವರಿಗೆ ಇನ್ನೊಂದು. ಬುದ್ಧಿ ವಯಸ್ಸಿಗೆ ತಕ್ಕಂತಿದೆ, ಓದು ಬರಹದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಲೆಕ್ಕ ಪರವಾಗಿಲ್ಲ ಎಂದು ವರದಿ ಬಂತು. ತಾಯಿ ಅದನ್ನು ಓದಿ ಅತ್ತರು. ಅಪ್ಪ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಇವನು ದಡ್ಡ ಅಲ್ಲ ಅಂತ ಬರ್ದವ್ರಾ?" ಬರೆದಿದ್ದಾರೆ ಎಂದೆ. ಆ ಸಾಲನ್ನು ತೋರಿಸಿ ಎಂದರು.

ಎರಡು ಕೆಲಸ, ಎರಡು ಹೊತ್ತು

ನಾನು ಹಾಕಿಕೊಂಡ ಯೋಜನೆಯಲ್ಲಿ ಎರಡು ಭಾಗವಿತ್ತು. ಅವೆರಡನ್ನೂ ಬೆರೆಸಬಾರದು ಎಂಬುದೇ ಮುಖ್ಯ ಕಟ್ಟುಪಾಡು.

ಮೊದಲನೆಯದು ಅಕ್ಷರದ ಕೆಲಸ. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಕನ್ನಡದಿಂದ ಶುರು, ಮನೆಯ ಮಾತು ಅದು, ಬರೆದದ್ದಕ್ಕೂ ಉಚ್ಚಾರಕ್ಕೂ ಇಂಗ್ಲಿಷಿನಷ್ಟು ದೂರವಿಲ್ಲ. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. ಫೀಸು ಕಟ್ಟುತ್ತಿರುವುದು ಇಂಗ್ಲಿಷಿಗೆ, ಹೇಳಿಕೊಡುವುದು ಕನ್ನಡವೇ ಎಂದು. ಅಕ್ಷರಕ್ಕೊಂದು ಸದ್ದಿದೆ, ಸದ್ದು ಸೇರಿದರೆ ಮಾತಾಗುತ್ತದೆ ಎಂಬ ನಂಬಿಕೆ ಅವನಿಗೆ ಒಂದು ಭಾಷೆಯಲ್ಲಾದರೂ ಬರಬೇಕು, ಬಂದರೆ ಇಂಗ್ಲಿಷಿಗೂ ಅದೇ ದಾರಿ ಎಂದೆ. ಅರ್ಧ ಮನಸ್ಸಿನಿಂದ ಹೂಂ ಅಂದರು.

ವರ್ಣಮಾಲೆಯ ಸಾಲು ಬಿಟ್ಟು ಸರ್ಕಾರಿ ಶಾಲೆಗಳ ನಲಿ-ಕಲಿಯ ಸಾಲು ಹಿಡಿದೆ: ರ, ಗ, ಸ, ದ, ಅ. ಎಚ್.ಡಿ. ಕೋಟೆಯಲ್ಲಿ 1995ರ ಹೊತ್ತಿಗೆ ಶುರುವಾದ ಆ ಪದ್ಧತಿಯಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಇದು. ಐದೇ ಅಕ್ಷರ ಬಂದರೆ ಸರ, ಗರಗಸ, ದರ, ಅರಸ, ಅಗಸ ಓದಬಹುದು. ಮೊದಲ ವಾರದಲ್ಲೇ ಮಗು 'ಓದಿದೆ' ಅನ್ನಬಹುದು. ಅ ಆ ಇ ಈ ಎಂದು ಹೊರಟರೆ ಹದಿನೈದು ಅಕ್ಷರ ದಾಟಿದರೂ ಒಂದು ಒಳ್ಳೆಯ ಪದ ಹುಟ್ಟುವುದಿಲ್ಲ. ಹಾಗೆಯೇ ಕನ್ನಡ ಅಕ್ಷರ ಪೂರ್ತಿ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ಮೂರು ನಾಲ್ಕನೇ ಕ್ಲಾಸಿನವರೆಗೆ ಸಮಯ ಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿದೆ. ಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು ರೂಪಗಳನ್ನು ಕಣ್ಣು ಗುರುತಿಸಬೇಕು. ಒಂದನೇ ಕ್ಲಾಸಿನಲ್ಲೇ ಎಲ್ಲ ಮುಗಿಸಿದೆವು ಎಂದುಕೊಳ್ಳುವ ಶಾಲೆಗಳಲ್ಲಿ ಪುಟ್ಟನಂಥವರು ಅಲ್ಲೇ ಉಳಿದುಬಿಡುತ್ತಾರೆ.

ಈ ಹದಿನೈದು ನಿಮಿಷವನ್ನು ಮಜವಾಗಿ ಮಾಡಲು ನಾನು ಹೋಗಲಿಲ್ಲ. ಎಲ್ಲವನ್ನೂ ಆಟ ಮಾಡಬೇಕು ಎಂಬುದು ಈಗಿನ ಫ್ಯಾಷನ್. ಒತ್ತಕ್ಷರಕ್ಕೆ ಬಣ್ಣದ ಕಾರ್ಡು, ದಾಳ, ಚಪ್ಪಾಳೆ ಎಷ್ಟು ಸೇರಿಸಿದರೂ ಅದು ಒತ್ತಕ್ಷರವೇ ಎಂದು ಒಂಬತ್ತು ವರ್ಷದವನಿಗೆ ಗೊತ್ತಾಗುತ್ತದೆ. ಅವನಿಗೆ ನೇರವಾಗಿ ಹೇಳಿದೆ: ಇದು ಬೇಜಾರಿನ ಕೆಲಸ, ಆದರೆ ಚಿಕ್ಕದು, ಇವತ್ತು ಕೊಡುವುದು ನಿನಗೆ ಖಂಡಿತ ಬರುವಂಥದ್ದು. ಹತ್ತರಲ್ಲಿ ಎಂಟು ಒಂಬತ್ತು ಹಳೆಯದು, ಒಂದೆರಡು ಹೊಸದು. ಒಂದೇ ನಾಲ್ಕು ಸಾಲನ್ನು ಬೇರೆ ಬೇರೆ ದಿನ ಮತ್ತೆ ಮತ್ತೆ ಓದುವುದು. ಗಡಿಯಾರ ಹೇಳಿದ ತಕ್ಷಣ ನಿಲ್ಲಿಸುವುದು, ಚೆನ್ನಾಗಿ ನಡೆಯುತ್ತಿದ್ದರೂ. ಈ ಕೊನೆಯದು ಅವನಿಗೆ ನನ್ನ ಮೇಲೆ ನಂಬಿಕೆ ಬರಿಸಿತು. "ಇನ್ನೊಂದೇ ಒಂದು ಸಾಲು" ಎಂಬ ಮೋಸ ಅವನು ಸಾಕಷ್ಟು ಕಂಡಿದ್ದ.

ಎರಡನೆಯದು ಕಿವಿಯ ಕೆಲಸ. ಇದಕ್ಕೆ ಮಿತಿ ಇಲ್ಲ. ರಾತ್ರಿ ಊಟವಾದ ಮೇಲೆ ತಾಯಿ ಓದಿ ಹೇಳಬೇಕು, ಅವನ ವಯಸ್ಸಿನದ್ದು ಅಥವಾ ಅದಕ್ಕಿಂತ ದೊಡ್ಡದು. ಪುಸ್ತಕಕ್ಕೆ ದುಡ್ಡು ಬೇಕಿಲ್ಲ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಫೋನಿನಲ್ಲೇ ಉಚಿತವಾಗಿ ಸಿಗುತ್ತವೆ, ಹಂತಗಳೂ ಇವೆ. ಷರತ್ತು ಎರಡು: ಓದಿದ ಮೇಲೆ ಪ್ರಶ್ನೆ ಕೇಳಬಾರದು, "ಈ ಸಾಲು ನೀನು ಓದು" ಅನ್ನಬಾರದು. ತಾಯಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. "ಸುಮ್ನೆ ಕತೆ ಹೇಳಿದ್ರೆ ಅವನಿಗೇನ್ ಬಂತು ಮೇಡಂ?" ಎಂದು ಒಂದಷ್ಟು ವಾರ ಕೇಳುತ್ತಲೇ ಇದ್ದರು. ಹೊಲಿಗೆ ಮೆಷಿನ್ ಮುಂದೆ ಇಡೀ ದಿನ ಕೂತು ಬಂದವರು, ರಾತ್ರಿ ಕಣ್ಣು ಎಳೆಯುತ್ತಿರುವಾಗ ಓದುತ್ತಿದ್ದರು. ಅವರು ಲಾಭ ಕೇಳಿದ್ದರಲ್ಲಿ ತಪ್ಪೇನಿಲ್ಲ.

ಬಸ್ಸು ಬೇಡವಾದದ್ದು

ಪುಟ್ಟನಿಗೆ ಬಸ್ಸೆಂದರೆ ಪ್ರಾಣ. 335-ಇ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ, 500-ಡಿ ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿಗೆ, 365 ಬನ್ನೇರುಘಟ್ಟಕ್ಕೆ ಎಂದು ಕೇಳಿದ ತಕ್ಷಣ ಹೇಳುತ್ತಿದ್ದ. ಎಲೆಕ್ಟ್ರಿಕ್ ಬಸ್ಸೋ ಡೀಸೆಲ್ಲೋ ಎಂದು ತಿರುವಿನಾಚೆ ಇದ್ದಾಗಲೇ ಸದ್ದಿನಲ್ಲಿ ಹೇಳುತ್ತಿದ್ದ. ಮಹಿಳೆಯರಿಗೆ 2023ರ ಜೂನ್‌ನಿಂದ ಟಿಕೆಟ್ ಉಚಿತವಾದ್ದರಿಂದ ಭಾನುವಾರ ತಾಯಿ ಅವನನ್ನು ಸುತ್ತಾಡಿಸುವುದೂ ಸುಲಭವಾಗಿತ್ತು. ಅವನದೊಂದು ಅರ್ಧ ಟಿಕೆಟ್ ತೆಗೆದರೆ ಆಯಿತು.

ಇದನ್ನು ಕಂಡ ಟ್ಯೂಷನ್ ಟೀಚರ್ ಒಂದು ಉಪಾಯ ಹೇಳಿದರು. ಬಸ್ಸು ಇಷ್ಟ ತಾನೇ? ಬೋರ್ಡ್ ಓದಿಸಿ, ತಾನಾಗೇ ಓದು ಬರುತ್ತದೆ. ಕೇಳಲು ಜಾಣತನದ ಮಾತು. ಈ ಬಗೆಯ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಮಗುವಿನ ಆಸಕ್ತಿಯ ಮೂಲಕ ಕಲಿಸಿ ಎಂದು. ತಾಯಿ ಶ್ರದ್ಧೆಯಿಂದ ಮಾಡಿದರು. ಪ್ರತಿ ಸ್ಟಾಪಿನಲ್ಲಿ, ಎದುರು ಬಂದ ಪ್ರತಿ ಬಸ್ಸಿಗೆ "ಏನ್ ಬರ್ದೈತೆ ಓದು, ಬೇಗ, ಹೋಗ್ಬಿಡ್ತೈತೆ." ಓಡುವ ಬೋರ್ಡನ್ನು ಓದುವುದು ಸರಾಗ ಓದುವವರಿಗೇ ಕಷ್ಟ. ಹಿಂದಿನ ಸೀಟಿನವರು ನೋಡುತ್ತಿರುತ್ತಾರೆ. ತಂಗಿ ಪಕ್ಕದಲ್ಲಿ ಕೂತು ಮೊದಲೇ ಹೇಳಿಬಿಡುತ್ತಾಳೆ.

ಆಗಸ್ಟ್ ಹೊತ್ತಿಗೆ ತಾಯಿ ಬಂದು ದೂರಿದರು. "ಈಗ ಬಸ್ಸೂ ಬೇಡವಂತೆ ಮೇಡಂ. ಕಿಟಕಿ ಪಕ್ಕ ಕೂರಲ್ಲ. ಹತ್ತಿದ ತಕ್ಷಣ ನಿದ್ದೆ ಬಂದವನಂಗೆ ಕಣ್ಮುಚ್ಕೊತಾನೆ."

ಅದೇ ಸಮಯದಲ್ಲಿ ಅಪ್ಪ ಇನ್ನೊಂದು ಪ್ರಯೋಗ ನಡೆಸಿದ್ದರು. ಪುಟಕ್ಕೆ ಐದು ರೂಪಾಯಿ. ಮೊದಲ ದಿನಗಳಲ್ಲಿ ಓದಿದ. ಆಮೇಲೆ ಚಿತ್ರ ದೊಡ್ಡದಿದ್ದು ಅಕ್ಷರ ಕಡಿಮೆ ಇರುವ ಪುಟಗಳನ್ನೇ ಹುಡುಕತೊಡಗಿದ. ಆಮೇಲೆ ಹತ್ತು ರೂಪಾಯಿ ಕೇಳಿದ. ವ್ಯಾಪಾರಿಯ ದೃಷ್ಟಿಯಲ್ಲಿ ನೋಡಿದರೆ ಅವನು ಮಾಡಿದ್ದು ಸರಿಯಾಗೇ ಇದೆ. ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಹೆಸರಾದದ್ದು. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ನರ್ಸರಿ ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿ ಬಹುಮಾನ ಕೊಟ್ಟರು. ಆಮೇಲೆ ಬಹುಮಾನವಿಲ್ಲದ ಬಿಡುವಿನ ಹೊತ್ತಿನಲ್ಲಿ ನೋಡಿದರೆ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು.

ಪುಟ್ಟನ ವಿಷಯದಲ್ಲಿ ಐದು ರೂಪಾಯಿಗಿಂತ ಬೋರ್ಡ್ ಓದಿಸಿದ್ದೇ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ಅಭಿಪ್ರಾಯ. ಓದು ಅವನಿಗೆ ಮೊದಲೇ ಇಷ್ಟವಿರಲಿಲ್ಲ, ದುಡ್ಡಿನಿಂದ ಕಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಬಸ್ಸು ಹಾಗಲ್ಲ. ತಾನು ಗಟ್ಟಿಗ ಎಂದು ಅವನಿಗೆ ಅನಿಸುತ್ತಿದ್ದ ಒಂದೇ ಜಾಗ ಅದು. ಅದನ್ನು ಪಾಠಕ್ಕಾಗಿ ಒತ್ತೆ ಇಟ್ಟರು, ಬಡ್ಡಿ ಬೆಳೆದು ಒಡವೆಯೇ ಹೋಯಿತು. ಕಷ್ಟಪಡುವ ಮಕ್ಕಳಿಗೆ ಇಂಥ ಜಾಗಗಳು ಬಹಳ ಇರುವುದಿಲ್ಲ. ಇರುವ ಒಂದೆರಡನ್ನು ಬರಿದೆ ಬಿಟ್ಟುಬಿಡುವುದು ಮೇಲು. ತಾಯಿಗೆ ಹೇಳಿದ್ದು ಇಷ್ಟೇ: ಬಸ್ಸಿನಲ್ಲಿ ಓದು ಎಂಬ ಮಾತು ಎತ್ತಬೇಡಿ, ಬೋರ್ಡಿನ ಕಡೆ ಕೈ ತೋರಿಸಬೇಡಿ, ನಿಮಗೆ ಬಸ್ಸಿನ ಬಗ್ಗೆ ಗೊತ್ತಿಲ್ಲದ್ದನ್ನು ಅವನನ್ನು ಕೇಳಿ. ಐದು ರೂಪಾಯಿ ನಿಲ್ಲಿಸಲು ಅಪ್ಪ ತಕ್ಷಣ ಒಪ್ಪಿದರು. ಖರ್ಚೂ ಉಳಿಯುತ್ತಿತ್ತು.

ಮೆಜೆಸ್ಟಿಕ್ ಕೆರೆ

ಕಿಟಕಿ ಪಕ್ಕದ ಸೀಟಿಗೆ ಅವನು ಮರಳಿದ್ದು ದಸರಾ ರಜೆಯ ಹೊತ್ತಿಗೆ. ಅದಕ್ಕೆ ಕಾರಣ ನನ್ನ ಯೋಜನೆಗಿಂತ ಹೆಚ್ಚಾಗಿ ಒಂದು ಹರಟೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ ಎಂದು ಮಾತಿನ ನಡುವೆ ಹೇಳಿದೆ. ಅವನು ನಂಬಲಿಲ್ಲ.

ಕುಣಿಗಲ್ ಕಡೆಯ ಹುಡುಗನಿಗೆ ಕೆರೆಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. "ಕೆರೆ ಅಂದ್ರೆ ಏರಿ ಇರ್ಬೇಕಲ್ಲ, ಏರಿ ಎಲ್ಲಿ?" ಎಂದ. "ಕೋಡಿ ಎಲ್ಲಿ ಬೀಳ್ತಿತ್ತು? ನೀರು ಎಲ್ಲೋಯ್ತು?" ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದೆ. ಹಳೆ ಪೇಟೆಯ ಜನ ಈ ಕೆರೆಯ ನೀರು ಬಳಸುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರಿನ ಕೆರೆಗಳನ್ನು ನೋಡಿಕೊಳ್ಳುವವರು ಕಡಿಮೆಯಾದರು. ನೀರು ಬರುವ ಕಾಲುವೆಗಳು ಮುಚ್ಚಿಹೋದವು. ಕೆರೆ ಒಣಗಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಕಂಠೀರವ ಕ್ರೀಡಾಂಗಣದ ಜಾಗವೂ ಸಂಪಂಗಿ ಕೆರೆಯದ್ದೇ ಎಂದೆ. "ಅಂದ್ರೆ ಮಳೆ ಬಂದ್ರೆ ಮೆಜೆಸ್ಟಿಕ್ಕಲ್ಲಿ ನೀರು ನಿಲ್ಲೋದು ಅದಕ್ಕೇನಾ?" ತಗ್ಗಿನ ಕಡೆಗೆ ನೀರು ತನ್ನ ಹಳೆಯ ದಾರಿ ಹಿಡಿದು ಬರುವುದನ್ನು ಅವನೇ ಕಟ್ಟಿಕೊಂಡ.

ಮುಂದಿನ ಭಾನುವಾರ ಅಪ್ಪನನ್ನು ಎಳೆದುಕೊಂಡು ಹೋಗಿ ನಿಲ್ದಾಣದ ಸುತ್ತ ನಡೆದು ಬಂದಿದ್ದಾನೆ. ಅಲ್ಲಿ ಈಗಲೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರಿರುವ ಒಂದು ರಸ್ತೆಯಿದೆ. ಏರಿ ಸಿಕ್ಕಿತು ಎಂದು ಫೋನಿನಲ್ಲಿ ಕೂಗಿ ಹೇಳಿದ. ಅಪ್ಪ ಹಿಂದಿನಿಂದ ಹೇಳುತ್ತಿದ್ದರು: "ಇಪ್ಪತ್ತು ವರ್ಷದಿಂದ ಇಲ್ಲಿ ಬಸ್ ಹತ್ತಿ ಇಳೀತಿದೀನಿ ಮೇಡಂ, ನನಗೆ ಗೊತ್ತೇ ಇರ್ಲಿಲ್ಲ." ಮಗನಿಂದ ಅಪ್ಪ ಏನನ್ನಾದರೂ ಕಲಿತದ್ದು ಆ ಮನೆಯಲ್ಲಿ ಅದೇ ಮೊದಲು. ಮಗನಿಗೂ ಅದು ಗೊತ್ತಾಯಿತು.

ರಜೆ ಮುಗಿದು ಬಂದಾಗ ಅವನ ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ಯಾರೂ ಹೇಳಿರಲಿಲ್ಲ. ಒಳಗೆ ಬಸ್ ನಂಬರ್, ಬಾಣದ ಗುರುತು, ಸ್ಟಾಪುಗಳು. ಯಾವ ಸ್ಟಾಪಿನ ಹತ್ತಿರ ಹಿಂದೆ ಕೆರೆಯಿತ್ತೋ ಅಲ್ಲಿ ನೀಲಿ ಪೆನ್ಸಿಲಿನಲ್ಲಿ ಒಂದು ಸುತ್ತು. ಬರಹ ಕೋಳಿ ಕೆದರಿದ ಹಾಗಿತ್ತು, ತಪ್ಪುಗಳು ತುಂಬಿದ್ದವು. ನಾನು ತಿದ್ದಲಿಲ್ಲ, ಅದು ಅವನ ಪುಸ್ತಕ. ತೋರಿಸಿದಾಗ ನೋಡಿದೆ, ಕೆರೆಗಳ ಬಗ್ಗೆ ಮಾತಾಡಿದೆ.

ಕೆಲವು ವಾರದ ನಂತರ ಅವನೇ ಒಂದು ಪುಟ ತೆರೆದು ಮುಂದಿಟ್ಟ. 'ಕೆ.ಆರ್. ಮಾಕೆಟ್' ಎಂದು ಬರೆದಿದ್ದ. "ಮಿಸ್, ಇದನ್ನ ಓದಿದ್ರೆ ಮಾಕೆಟ್ ಅಂತ ಆಗುತ್ತೆ. ನಡುವೆ ರ್ ಬರ್ಬೇಕು. ಬೋರ್ಡಲ್ಲಿ ಹೆಂಗಿದೆ ಅಂತ ನೋಡ್ದೆ, ಅಲ್ಲಿ ಕೆ ಆದ್ಮೇಲೆ ಒಂಬತ್ತು ಥರ ಏನೋ ಇದೆ." ಬೋರ್ಡನ್ನು ನೋಡಿದ್ದಾನೆ, ತಾನು ಬರೆದದ್ದರ ಪಕ್ಕ ಇಟ್ಟು ಹೋಲಿಸಿದ್ದಾನೆ. ನಾನು ಮಾತಾಡಲಿಲ್ಲ, ಅವನ ಮುಂದಿನ ಮಾತಿಗೆ ಕಾದೆ. "ಆರ್ ಅನ್ನೋದ್ರಲ್ಲಿ ರ್ ತನ್ನ ಜಾಗದಲ್ಲೇ ನೆಟ್ಟಗೆ ನಿಂತಿದೆ. ಮಾರ್ಕೆಟ್‌ನಲ್ಲಿ ಯಾಕೆ ಹಿಂದಕ್ಕೆ ಓಡೋಯ್ತು?"

ಕನ್ನಡ ಲಿಪಿಯಲ್ಲಿ ಅರ್ಕಾವೊತ್ತಿನಷ್ಟು ಮಕ್ಕಳನ್ನು ಕಾಡುವುದು ಬೇರೊಂದಿಲ್ಲ. ಉಚ್ಚಾರದಲ್ಲಿ ಮೊದಲು ಬರುವ ರ್ ಬರವಣಿಗೆಯಲ್ಲಿ ಮುಂದಿನ ಅಕ್ಷರ ದಾಟಿ ಕೂರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಹೋದರೆ ನಾಲಿಗೆ ಒಂದು ಹೆಜ್ಜೆ ಹಿಂದೆ ಬರಬೇಕು. ಇದಕ್ಕೆ ನನ್ನ ಹತ್ತಿರ ಹಳೆಯದೊಂದು ಮಾತಿದೆ: ಕೂಗುವುದು ಮೊದಲು, ಕೂರುವುದು ಆಮೇಲೆ. ಅದನ್ನು ಹೇಳಿದೆ. ಒಂಬತ್ತರ ಗುರುತು ಕಂಡರೆ ಅದರ ಹಿಂದಿನ ಅಕ್ಷರ ಹೇಳುವ ಮುಂಚೆ ರ್ ಅನ್ನು ಎಂದೆ. ಅವನು ತನ್ನ ನೋಟ್‌ಬುಕ್ ತಿರುವುತ್ತಾ ಹೋದ. ಸರ್ಜಾಪುರ, ಕಾರ್ಪೊರೇಷನ್, ಸರ್ಕಲ್. ಎಲ್ಲೆಲ್ಲಿ ರ್ ಬಿಟ್ಟಿದ್ದನೋ ಅಲ್ಲೆಲ್ಲ ತಾನೇ ಸೇರಿಸಿದ. ಹೆಬ್ಬಾಳದಲ್ಲಿ ಮಾತ್ರ ನಿಂತ. "ಇಲ್ಲಿ ಬ್ ಓಡೋಗಿಲ್ಲ, ಕೆಳಗೆ ಕೂತಿದೆ" ಎಂದ. ಹೌದು, ಉಳಿದವರು ಕೆಳಗೆ ಕೂರುತ್ತಾರೆ, ರ್ ಒಬ್ಬನದೇ ಈ ಹಟ ಎಂದೆ.

ಹದಿನೈದು ನಿಮಿಷದ ಬೇಜಾರಿನ ಕೆಲಸ ನಡೆಯದೇ ಇದ್ದಿದ್ದರೆ 'ಮಾಕೆಟ್' ತಪ್ಪೆಂದು ಅವನಿಗೆ ಕಾಣುತ್ತಿರಲಿಲ್ಲ. ಕೆರೆಯ ಹರಟೆ ಇಲ್ಲದಿದ್ದರೆ ನೋಟ್‌ಬುಕ್ಕೇ ಇರುತ್ತಿರಲಿಲ್ಲ. ಎರಡನ್ನೂ ಸೇರಿಸಿದ್ದು ಅವನು, ತನಗೆ ಬೇಕಾದಾಗ. ನಾವು ಮೊದಲೇ ಸೇರಿಸಲು ಹೋದದ್ದು ಆಗಸ್ಟಿನ ಕತೆ.

ಶಾಲೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಲಾಸ್ ಟೀಚರ್ ಹತ್ತಿರ ಮೂರು ಕೇಳಿಕೊಂಡೆ: ಇದ್ದಕ್ಕಿದ್ದಂತೆ ಎಬ್ಬಿಸಿ ಓದಿಸಬೇಡಿ, ಓದಿಸಲೇಬೇಕಾದರೆ ಹಿಂದಿನ ದಿನವೇ ಪ್ಯಾರಾ ಗುರುತು ಮಾಡಿ ಕೊಡಿ, ಪರಿಸರ ಅಧ್ಯಯನದಲ್ಲಿ ಬಾಯಿಮಾತಿನ ಉತ್ತರಕ್ಕೂ ಅಂಕ ಕೊಡಿ. ಮೊದಲೆರಡಕ್ಕೆ ಒಪ್ಪಿದರು. ಮೂರನೆಯದಕ್ಕೆ, "ಉಳಿದ ಪೇರೆಂಟ್ಸ್ ಕೇಳಿದ್ರೆ ನಾನೇನು ಹೇಳಲಿ?" ಎಂದರು. ನಲವತ್ತಕ್ಕೂ ಮೇಲೆ ಮಕ್ಕಳಿರುವ ಕ್ಲಾಸಿನ ಶಿಕ್ಷಕಿಯ ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಂಕವಿಲ್ಲದಿದ್ದರೂ ಬಾಯಲ್ಲಿ ಕೇಳಿ ಎಂದೆ. ನೀರಿನ ಪಾಠ ಬಂದಾಗ ಪುಟ್ಟ ತೂಬು, ಕೋಡಿ, ಕಾಲುವೆ ಎಲ್ಲ ವಿವರಿಸಿದನಂತೆ. ಟೀಚರ್ ಮೊದಲು ಕೇಳಿದ್ದು, "ಯಾರು ಹೇಳ್ಕೊಟ್ರು ನಿಂಗೆ?" ಅನುಮಾನದಿಂದಲೇ ಕೇಳಿದ್ದು. ಅವನು ಅದನ್ನು ಹೊಗಳಿಕೆ ಎಂದುಕೊಂಡು ಬಂದು ಹೇಳಿದ, ನಾನೂ ಬಿಡಿಸಿ ಹೇಳಲಿಲ್ಲ.

ಎದ್ದು ನಿಂತು ಓದುವುದು ನಿಂತದ್ದರ ಜೊತೆಗೇ ವಾಂತಿ ನಿಂತಿತು. ಇಷ್ಟು ಬೇಗ, ಇಷ್ಟು ಖರ್ಚಿಲ್ಲದೆ ಫಲ ಕೊಟ್ಟ ಬದಲಾವಣೆ ಈ ಇಡೀ ಪ್ರಕರಣದಲ್ಲಿ ಇನ್ನೊಂದಿಲ್ಲ.

ಈಗ ಎಲ್ಲಿದೆ

ಮಾರ್ಚ್ ಕೊನೆಗೆ ಅಕ್ಷರಗಳು ಗಟ್ಟಿಯಾಗಿವೆ, ಗುಣಿತ ಬಹುತೇಕ ಬಂದಿದೆ, ಸಾಮಾನ್ಯ ಒತ್ತುಗಳು ಬರುತ್ತವೆ. ಎರಡನೇ ಕ್ಲಾಸಿನ ಕನ್ನಡ ಪಾಠವನ್ನು ನಿಧಾನವಾಗಿ, ಸರಿಯಾಗಿ ಓದುತ್ತಾನೆ. ವೇಗ ಇನ್ನೂ ಬಹಳ ಕಡಿಮೆ, ಅದು ಪೂರ್ತಿ ಹೋಗುವ ತೊಡಕೂ ಅಲ್ಲ. ಇಂಗ್ಲಿಷಿನಲ್ಲಿ ಸದ್ದುಗಳನ್ನು ಈಗಷ್ಟೇ ಶುರು ಮಾಡಿದ್ದೇವೆ. ಶಾಲೆಯ ಗ್ರೇಡು ಒಂದು ಮೆಟ್ಟಿಲೂ ಏರಿಲ್ಲ. ಓದುವುದು ಇಷ್ಟವೇ ಎಂದು ಕೇಳಿದರೆ ಈಗಲೂ ಇಲ್ಲ ಅನ್ನುತ್ತಾನೆ. ಅದಕ್ಕೆ ನಾನು ಬೇಸರಪಡುವುದಿಲ್ಲ. ಅವನಿಗೆ ತಿಳಿದುಕೊಳ್ಳುವುದು ಇಷ್ಟ. ಓದು ಅದಕ್ಕೊಂದು ದಾರಿ, ಅವನಿಗೆ ಸ್ವಲ್ಪ ಕಲ್ಲುಮುಳ್ಳಿನ ದಾರಿ. ತಾಯಿ ರಾತ್ರಿ ಓದುವುದನ್ನು ಬಿಟ್ಟಿಲ್ಲ. ಈಗ ತಂಗಿಯೂ ಬಂದು ಕೂರುತ್ತಾಳೆ, ಪ್ರಶ್ನೆ ಕೇಳುವುದು ಮಾತ್ರ ಅಣ್ಣನೇ.

ಬಾಕಿ ಇರುವುದು ದೊಡ್ಡ ವಿಷಯಗಳೇ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಮುಂದೆ ದೊಡ್ಡ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರನ್ನು ಕೇಳಬಹುದು. ಶೇ 40 ಮತ್ತು ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚು ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅಜ್ಜಿಗೆ 'ಅಂಗವಿಕಲ' ಎಂಬ ಪದ ಇರುವ ಕಾಗದ ಮನೆಗೆ ಬರುವುದು ಬೇಡ. ತಾಯಿಗೆ ಬೇಕು. ಅಪ್ಪ ಇನ್ನೂ ಯೋಚಿಸುತ್ತಿದ್ದಾರೆ.

ಆರನೇ ಕ್ಲಾಸಿಗೆ ಮೂರನೇ ಭಾಷೆ ಬರುತ್ತದೆ, ಹಿಂದಿಯಾದರೆ ಮೂರನೇ ಲಿಪಿಯೂ. ಅಷ್ಟರೊಳಗೆ ಕನ್ನಡ ಮೀಡಿಯಂಗೆ ಬದಲಿಸುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಹೇಳಿಯೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಓದಿದ್ದು ಕನ್ನಡ ಮೀಡಿಯಮ್ಮೇ ಮೇಡಂ. ನನಗೂ ಬರ್ಲಿಲ್ವಲ್ಲ" ಎಂದರು. ಆ ಮಾತಿಗೆ ನನ್ನ ಹತ್ತಿರ ವಾದವಿರಲಿಲ್ಲ. ಆಗ ಅವರಿಗೆ ಯಾರೂ ಬೇರೆ ಥರ ಹೇಳಿಕೊಟ್ಟಿರಲಿಲ್ಲ ಎಂದಷ್ಟೇ ಹೇಳಿದೆ. ಮೀಡಿಯಂ ವಿಷಯವನ್ನು ಮುಂದಿನ ವರ್ಷದ ದಸರಾ ರಜೆಯವರೆಗೆ ಎತ್ತುವುದಿಲ್ಲ ಎಂದು ಮಾತಾಗಿದೆ. ಬೇಸಿಗೆಗೆ ಮಕ್ಕಳು ಕುಣಿಗಲ್‌ಗೆ ಹೋಗುತ್ತಾರೆ. ಹದಿನೈದು ನಿಮಿಷದ ಕೆಲಸ ಅಲ್ಲೂ ನಡೆಯಬೇಕು, ಎರಡು ತಿಂಗಳು ಬಿಟ್ಟರೆ ಒತ್ತುಗಳು ಜಾರಿಹೋಗುತ್ತವೆ. ಅದಕ್ಕೆ ಚೀಟಿಗಳನ್ನು ಕಟ್ಟಿ ಕೊಟ್ಟಿದ್ದೇನೆ. ಕೂರಿಸುವ ಜವಾಬ್ದಾರಿಯನ್ನು ಈ ಸಲ ಅಪ್ಪನೇ ವಹಿಸಿಕೊಂಡಿದ್ದಾರೆ, ಶನಿವಾರ ಊರಿಗೆ ಹೋದಾಗ ಎದುರಿಗೆ, ಉಳಿದ ದಿನ ಫೋನಿನಲ್ಲಿ.